ಅಜ್ಜಿಕಿವಿ

ಕಳೆದ ವರ್ಷ ಶಿವರಾತ್ರಿಗೆ ಎಂಟು ದಿನ ಮುಂಚೆ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ದಂಡಿನಶಿವರದಲ್ಲಿ ನನ್ನ ಅಕ್ಕನ ಮನೆಯ ಕೊಬ್ಬರಿ ಶೆಡ್ಡಿನ ಬಾಗಿಲಲ್ಲಿ ನಾನು ನಿಂತಿದ್ದೆ. ಬಲಗಾಲು ಒಳಗಿತ್ತು, ಎಡಗಾಲು ಹೊರಗಿತ್ತು. ಎಡಗಾಲಿನ ಚಪ್ಪಲಿಯ ಉಂಗುಟ ಆಗಷ್ಟೇ ಕಿತ್ತುಹೋಗಿದ್ದರಿಂದ, ಅದನ್ನು ಅಲ್ಲೇ ಬಿಡುವುದೋ ಬಲಗಾಲಿನದನ್ನು ಬಿಟ್ಟ ಕಡೆಗೆ ಎಳೆದುಕೊಂಡು ಹೋಗುವುದೋ ತೀರ್ಮಾನವಾಗಿರಲಿಲ್ಲ.

ಇಷ್ಟು ವಿವರ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ನಾನು ಇಪ್ಪತ್ತೆಂಟು ವರ್ಷ ತಿಪಟೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳಿದವನು. ‘ಸುಮಾರು’, ‘ಏನೋ ಒಂದು’, ‘ಹೆಚ್ಚು ಕಡಿಮೆ’ ಎಂಬ ಮಾತುಗಳು ನನ್ನ ಬಾಯಿಗೆ ಬರುವುದಿಲ್ಲ. ಅಂದು ನಾನು ನೋಡಿದ್ದು ಒಂದು ನಿಮಿಷದ ಸಂಗತಿ. ಆದರೆ ಅದರಿಂದ ನನ್ನ ಇಪ್ಪತ್ತೆಂಟು ವರ್ಷದ ಪಾಠ ಬುಡಸಮೇತ ಅಲುಗಾಡಿತು. ಇವತ್ತಿಗೂ ಪೂರ್ತಿ ನಿಂತಿಲ್ಲ. ಹೀಗೆ ಅಲುಗಾಡಿದವನಿಗೆ ತನ್ನ ಕಾಲು ಎಲ್ಲಿತ್ತು ಎಂಬುದಾದರೂ ಖಚಿತವಾಗಿರಲಿ ಎನ್ನುವ ಆಸೆ ಇರುವುದು ತಪ್ಪಲ್ಲವಷ್ಟೆ.

ನಮ್ಮ ಕಡೆಯವರಲ್ಲದವರಿಗೆ ಮೊದಲು ಕೊಬ್ಬರಿಯ ವಿಷಯ ಒಂದಿಷ್ಟು ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಒಂದು ಉಂಡೆಯಾಗಿ ಕೂರುತ್ತದೆ. ಆಗ ಕಾಯಿಯನ್ನು ಎತ್ತಿ ಅಲ್ಲಾಡಿಸಿದರೆ ಆ ಉಂಡೆ ಚಿಪ್ಪಿಗೆ ಬಡಿದು ಸದ್ದಾಗುತ್ತದೆ. ಇದಕ್ಕೆ ಅಕ್ಕನ ಮನೆಯಲ್ಲಿ ‘ಕಾಯಿ ಮಾತಾಡಿತು’ ಎನ್ನುತ್ತಾರೆ. ಮಾತಾಡುವ ಮೊದಲೇ ಅವಸರಪಟ್ಟು ಒಡೆದರೆ ತಿರುಳು ಚಿಪ್ಪನ್ನು ಬಿಡುವುದಿಲ್ಲ. ಬಿಟ್ಟರೂ ಹಸಿ ಉಳಿದು ಕೌಟು ವಾಸನೆ ಹಿಡಿಯುತ್ತದೆ. ಆದ್ದರಿಂದ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಅಟ್ಟದ ಕೆಳಗೆ ಕೂತು ಒಂದೊಂದೇ ಕಾಯಿಯನ್ನು ಎತ್ತಿ ‘ಆಗಿದೆ’, ‘ಆಗಿಲ್ಲ’ ಎಂದು ಹೇಳಬೇಕು. ಆಗಿದ್ದು ಬಲಕ್ಕೆ, ಆಗದ್ದು ಎಡಕ್ಕೆ. ಎಡದ್ದು ಮತ್ತೆ ಅಟ್ಟಕ್ಕೆ.

ಅಕ್ಕನ ಮನೆಯಲ್ಲಿ ಅದನ್ನು ಹೇಳುವವಳು ಅಕ್ಕ. ಹೆಸರು ಶಿವನಂಜಮ್ಮ. ಆಗ ಅವಳಿಗೆ ಎಪ್ಪತ್ತನಾಲ್ಕು. ಹತ್ತೊಂಬತ್ತಕ್ಕೆ ಆ ಮನೆಗೆ ಸೊಸೆಯಾಗಿ ಹೋದಾಗ ಅವಳ ಅತ್ತೆ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ‘ಏನಂತು ಹೇಳು’ ಎಂದು ಕೇಳಿದ್ದರಂತೆ. ಅಂದಿನಿಂದ ಕಾಯಿ ಹೇಳಿದ್ದನ್ನು ಅಕ್ಕ ಮನೆಯವರಿಗೆ ಹೇಳುತ್ತ ಬಂದಿದ್ದಳು. ಶೆಡ್ಡಿನಲ್ಲಿ ಅವಳದೊಂದು ಮಣೆಯಿದೆ. ಅವಳು ಅದರ ಮೇಲೆ ಕೂತಾಗ ಮಗ ಮಲ್ಲೇಶನೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾನೆ.

ಮಲ್ಲೇಶನ ಮಗಳು ಕಾವ್ಯ ತಿಪಟೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಅದಕ್ಕೂ ಹಿಂದಿನ ವರ್ಷ ರಜೆಯಲ್ಲಿ ಒಂದು ತಿಂಗಳು ಅಜ್ಜಿಯ ಪಕ್ಕ ಕೂತು, ಅಜ್ಜಿ ಅಲ್ಲಾಡಿಸಿದ ಪ್ರತಿ ಕಾಯಿಯ ಸದ್ದನ್ನೂ ಮೊಬೈಲಿನಲ್ಲಿ ಹಿಡಿದು, ಅದರ ಮುಂದೆ ಅಜ್ಜಿ ‘ಆಗಿದೆ’ ಎಂದಳೋ ‘ಆಗಿಲ್ಲ’ ಎಂದಳೋ ಎಂದು ಬರೆದುಕೊಂಡಿದ್ದಳು. ಅಷ್ಟನ್ನೂ ಕಂಪ್ಯೂಟರಿಗೆ ಉಣಿಸಿ, ಕೋಳಿಗೂಡಿನಷ್ಟು ದೊಡ್ಡದಾದ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದಳು. ಪೆಟ್ಟಿಗೆಗೆ ಎರಡು ರಬ್ಬರ್ ಕೈ, ಒಂದು ಮೈಕು, ಒಂದು ಸ್ಪೀಕರು. ಕಾಯಿ ಇಟ್ಟರೆ ಅದು ಎರಡು ಸಲ ಅಲ್ಲಾಡಿಸಿ, ಸದ್ದು ಕೇಳಿ, ಹಸಿರು ದೀಪದಲ್ಲಿ ‘ಆಗಿದೆ’ ಎಂದೋ ಕೆಂಪು ದೀಪದಲ್ಲಿ ‘ಆಗಿಲ್ಲ’ ಎಂದೋ ತೋರಿಸುತ್ತಿತ್ತು. ಕೃತಕ ಬುದ್ಧಿಮತ್ತೆ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು. ಕಾವ್ಯ ಅದಕ್ಕೆ ‘ಅಜ್ಜಿಕಿವಿ’ ಎಂದು ಹೆಸರಿಟ್ಟಿದ್ದಳು.

ಪೆಟ್ಟಿಗೆ ನೋಡಿ ಮಲ್ಲೇಶನಿಗೆ ಬಹಳ ಸಂತೋಷವಾಯಿತು. ಅವನು ಒಳ್ಳೆಯವನು. ‘ಇದು ಸರಿಯಾಗಿ ಹೇಳಿದ್ರೆ ಈ ವರ್ಷದಿಂದ ಅಮ್ಮ ರೆಸ್ಟ್ ತಗೊಳ್ಳಲಿ’ ಎಂದು ನನಗೆ ಫೋನ್ ಮಾಡಿ ಹೇಳಿದ. ಪರೀಕ್ಷೆಗೆ ನಾನೇ ಅಂಪೈರ್ ಎಂದೂ ಹೇಳಿದ. ಅಕ್ಕ ಮಾತ್ರ, ನಾನು ಬಂದ ದಿನ ಕಾಫಿ ಲೋಟ ಕೈಗೆ ಕೊಡುತ್ತ, ನನ್ನ ಮುಖವನ್ನೇ ನೋಡಿ ಒಂದು ಮಾತು ಹೇಳಿದಳು.

“ರೆಸ್ಟ್ ತಗೊಂಡೋರ ಗತಿ ಗೊತ್ತೇನ್ಲಾ ಚಂದ್ರ? ಆಮೇಲೆ ಇಂಥ ಒಂದು ಲೋಟ ಕಾಫಿಗೂ ಇನ್ನೊಬ್ರ ಮುಖ ನೋಡ್ಬೇಕು. ನೀನು ಅಂಪೈರಂತಲ್ಲ, ನೆಟ್ಟಗೆ ನೋಡು.”

ನೆಟ್ಟಗೆ ನೋಡು ಎಂದವಳಿಗೆ ನಾನು ನೋಡಬಾರದ್ದೊಂದು ಇದೆ ಎಂಬುದು ಗೊತ್ತಿತ್ತು. ಅದು ನನಗೆ ತಿಳಿದದ್ದು ಮರುದಿನ.

ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಕೆಲವು ಪಂಡಿತರ ಪ್ರಕಾರ, ಯಂತ್ರವನ್ನು ಪರದೆಯ ಹಿಂದೆ ಕೂರಿಸಿ ಪ್ರಶ್ನೆ ಕೇಳಬೇಕು. ಬರುವ ಉತ್ತರ ಮನುಷ್ಯನದೋ ಯಂತ್ರದ್ದೋ ಎಂದು ನಮಗೆ ತಿಳಿಯದೇ ಹೋದರೆ, ಅದು ಯೋಚಿಸುತ್ತದೆ ಎಂದು ಒಪ್ಪಿಕೊಳ್ಳುವುದೇ ಮರ್ಯಾದೆ. ಇನ್ನು ಕೆಲವರು, ಒಳಗೆ ಅರ್ಥ ಆಗದೆ ಹೊರಗೆ ಎಷ್ಟು ಸರಿಯುತ್ತರ ಬಂದರೂ ಅದು ಯೋಚನೆಯೇ ಅಲ್ಲ ಎನ್ನುತ್ತಾರೆ. ನಾನು ಈ ಎರಡನೆಯ ಪಂಗಡದವನಾಗಿದ್ದೆ. ಅದಕ್ಕೆ ನನ್ನದೇ ಒಂದು ಕಹಿ ಅನುಭವ ಕಾರಣ.

ಒಂದು ವರ್ಷ ತರಗತಿಯಲ್ಲಿ ನೋಟ್ಸ್ ಹೇಳುವಾಗ, ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ’ ಎನ್ನುವ ಬದಲು ಬಾಯಿ ತಪ್ಪಿ ‘ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ’ ಎಂದುಬಿಟ್ಟೆ. ಇದು ಸಣ್ಣ ತಪ್ಪಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಅನುಮಾನ ಪ್ರಮಾಣವನ್ನೇ ತಲೆಕೆಳಗೆ ಮಾಡುವ ತಪ್ಪು. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಪರೀಕ್ಷೆಯಲ್ಲಿ ಇಡೀ ತರಗತಿ ನಾನು ಹೇಳಿದ ಹಾಗೆಯೇ ಬರೆಯಿತು. ಒಬ್ಬರಿಗೂ ಅನುಮಾನ ಬರಲಿಲ್ಲ. ಮಕ್ಕಳು ಯೋಚಿಸದೆ ಬರೆಯುತ್ತಾರೆ ಎಂದು ಸಹೋದ್ಯೋಗಿಗಳ ಮುಂದೆ ದೂರಿದೆ. ಎಷ್ಟು ಅಂಕ ಕಳೆದಿರಿ ಎಂದು ಅವರಲ್ಲೊಬ್ಬರು ಕೇಳಿದಾಗ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟಿದ್ದೆ. ತಿದ್ದುವಾಗ ನನ್ನ ಕೈ ಮಾತ್ರ ಅಲ್ಲಿತ್ತು. ಆ ಹೊತ್ತಿಗೆ ನನ್ನನ್ನು ಪರದೆಯ ಹಿಂದೆ ಕೂರಿಸಿದ್ದರೆ ನನ್ನ ಪರವಾಗಿ ಯಾವ ಪಂಡಿತನೂ ವಾದಿಸುತ್ತಿರಲಿಲ್ಲ.

ಇರಲಿ. ಪರೀಕ್ಷೆಯ ದಿನ ಶೆಡ್ಡಿನಲ್ಲಿ ಇದ್ದವರು ನಾಲ್ವರು: ಅಕ್ಕ, ಕಾವ್ಯ, ನಾನು, ಮತ್ತು ಮೂವತ್ತು ವರ್ಷದಿಂದ ಆ ಮನೆಯ ಕಾಯಿ ಸುಲಿಯುವ ರಂಗಸ್ವಾಮಿ. ಮಲ್ಲೇಶ ತಿಪಟೂರಿಗೆ ಕೊಬ್ಬರಿ ಹರಾಜಿಗೆ ಹೋಗಿದ್ದ. ಕಾವ್ಯ ಪೆಟ್ಟಿಗೆಯ ವೈರುಗಳನ್ನು ಸಿಕ್ಕಿಸುತ್ತಿರುವಾಗ ರಂಗಸ್ವಾಮಿ ನನ್ನ ಹತ್ತಿರ ಸರಿದು ಕೇಳಿದ.

“ಮೇಷ್ಟ್ರೆ, ಈ ಪೆಟ್ಗೆ ಯೋಚ್ನೆ ಮಾಡ್ತದಾ?”

ನಿವೃತ್ತನಾದ ಮೇಲೆ ನನ್ನ ವಿಷಯದಲ್ಲಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡೆ.

“ಅದು ಯೋಚನೆ ಅಂದ್ರೆ ಏನು ಅನ್ನೋದರ ಮೇಲೆ ಹೋಗುತ್ತೆ ರಂಗಸ್ವಾಮಿ.”

“ಅಂದ್ರೇನು ಅಂದ್ರೆ? ನಮ್ ಹುಡ್ಗೀಗೆ ಇನ್ನೂ ಗಂಡು ಕುದುರಿಲ್ಲ, ಅದು ಯೋಚ್ನೆ. ತೆಂಗಿನ ಸುಳಿ ಕೊಳೀತಾ ಐತೆ, ಅದು ಯೋಚ್ನೆ. ಇದ್ಕೇನೈತೆ ಬುಡಿ ಯೋಚ್ನೆ? ಕರೆಂಟಿದ್ರಾಯ್ತು.”

ನಾನು ಬೆರಗಾದೆ. ನಮ್ಮ ಭಾಷೆಯಲ್ಲಿ ಆಲೋಚಿಸುವುದಕ್ಕೂ ಚಿಂತೆಪಡುವುದಕ್ಕೂ ಒಂದೇ ಮಾತು. ‘ಯೋಚ್ನೆ ಮಾಡ್ಬೇಡ’ ಎಂದು ಯಾರಾದರೂ ನಮ್ಮ ಬೆನ್ನು ಸವರಿದರೆ, ಬುದ್ಧಿ ಉಪಯೋಗಿಸಬೇಡ ಎಂದು ನಾವು ತಿಳಿಯುವುದಿಲ್ಲ. ಎಷ್ಟೋ ಕಾಲದಿಂದ ಜನ ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸುತ್ತ ಬಂದಿದ್ದಾರೆ. ನಾನು ಮಾತ್ರ ತರಗತಿಯಲ್ಲಿ ಅವನ್ನು ಬೇರೆ ಮಾಡಿ ಒಂದನ್ನಷ್ಟೇ ಬಡಿಸುತ್ತಿದ್ದೆ. ಯಾವುದರ ಬಗ್ಗೆ ಚಿಂತೆಯಿಲ್ಲವೋ ಅದರ ಬಗ್ಗೆ ಯೋಚಿಸುತ್ತಿದ್ದೇನೆ ಎನ್ನುವುದಕ್ಕೆ ಏನಾದರೂ ಅರ್ಥವಿದೆಯೇ? ಇದನ್ನು ರಂಗಸ್ವಾಮಿಗೆ ಹೇಳೋಣವೆಂದು ತಿರುಗಿದೆ. ಅವನಾಗಲೇ ಬೀಡಿ ಹಚ್ಚಲು ಹೊರಗೆ ಹೋಗಿದ್ದ.

ಹನ್ನೆರಡು ಕಾಯಿ ಇಟ್ಟುಕೊಂಡು ಪರೀಕ್ಷೆ ಶುರುವಾಯಿತು. ಮೊದಲು ಅಕ್ಕ ಅಲ್ಲಾಡಿಸಿ ಹೇಳುವುದು, ಅನಂತರ ಪೆಟ್ಟಿಗೆ. ಆಮೇಲೆ ರಂಗಸ್ವಾಮಿ ಸುಲಿದು ಒಡೆಯುವುದು. ನಾನು ನೋಟ್ ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆಯುತ್ತಿದ್ದೆ. ಹನ್ನೊಂದು ಕಾಯಿಗಳವರೆಗೆ ಅಕ್ಕನ ಸಾಲೂ ಪೆಟ್ಟಿಗೆಯ ಸಾಲೂ ಒಂದೇ. ಒಡೆದಾಗ ಹನ್ನೊಂದೂ ಸರಿ. ಕಾವ್ಯಳ ಮುಖ ಅರಳುತ್ತ ಬಂತು. ಅಕ್ಕನ ಮುಖದಲ್ಲಿ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಗಮನಿಸಿದ್ದು ಒಂದೇ: ಕಾಯಿ ಅವಳ ಕಿವಿಯ ಹತ್ತಿರ ಹೋಗುವ ಮೊದಲೇ ಅವಳ ಕಣ್ಣು ಬಲಕ್ಕೋ ಎಡಕ್ಕೋ ಹೊರಳಿರುತ್ತಿತ್ತು. ಅಭ್ಯಾಸಬಲ ಎಂದುಕೊಂಡೆ.

ಹನ್ನೆರಡನೆಯದರ ಹೊತ್ತಿಗೆ ನನ್ನ ಪೆನ್ನಿನ ಇಂಕು ಮುಗಿಯಿತು. ಮನೆಯೊಳಗಿಂದ ಇನ್ನೊಂದು ತರಲು ಎದ್ದುಹೋದೆ. ವಾಪಸ್ಸು ಬರುವಾಗ ಅಂಗಳದಲ್ಲಿ ಎಡವಿ ಚಪ್ಪಲಿ ಕಿತ್ತಿತು. ಬಾಗಿಲಿಗೆ ಬರುವಷ್ಟರಲ್ಲಿ ಹನ್ನೆರಡನೆಯ ಕಾಯಿಗೆ ಅಕ್ಕ ‘ಆಗಿಲ್ಲ’ ಎಂದಿದ್ದಳು, ಪೆಟ್ಟಿಗೆ ‘ಆಗಿದೆ’ ಎಂದಿತ್ತು. ರಂಗಸ್ವಾಮಿ ಆಗಷ್ಟೇ ಒಡೆದಿದ್ದ. ಅವನ ಅಂಗೈಯಲ್ಲಿ ಒಣಗಿದ, ಗುಂಡಾದ, ಚೊಕ್ಕ ಕೊಬ್ಬರಿ ಕೂತಿತ್ತು. ಪೆಟ್ಟಿಗೆ ಗೆದ್ದಿತ್ತು.

“ಅಮ್ಮಾರೆ, ಔಟು!” ಎಂದು ರಂಗಸ್ವಾಮಿ ಅಕ್ಕನ ಎದುರಿಗೇ ಬೆರಳೆತ್ತಿದ. ಅಕ್ಕ ನಕ್ಕಳು.

“ಔಟಾದ್ರೆ ಆದೆ ಬುಡು. ಐವತ್ತೈದು ವರ್ಸ ಆಡಿದ್ದೀನಿ.”

ಕಾವ್ಯಳಿಗೆ ಅಜ್ಜಿಯನ್ನು ಸೋಲಿಸಿದೆನಲ್ಲ ಎಂದು ಕಸಿವಿಸಿಯಾಗಿರಬೇಕು. ಲ್ಯಾಪ್‌ಟಾಪಿನ ಮೇಲೆ ಬಗ್ಗಿಕೊಂಡೇ ಹೇಳಿದಳು: “ನಿನ್ನ ತಪ್ಪಿಲ್ಲ ಅಜ್ಜಿ, ಇದರ ಸದ್ದೇ ಸ್ವಲ್ಪ ಬೇರೆ ಥರ ಇದೆ. ದೊಡ್ಡದಾಗಿ ಹಾಕ್ತೀನಿ, ಕೇಳು.” ಸ್ಪೀಕರನ್ನು ಅಕ್ಕನ ಕಡೆ ತಿರುಗಿಸಿದಳು.

ಆಗ ಗಂಟೆ ಹತ್ತು ಇಪ್ಪತ್ತು. ನನ್ನ ಬೆನ್ನ ಹಿಂದಿನ ಬೆಳಕು ನೇರ ಅಕ್ಕನ ಮುಖದ ಮೇಲೆ ಬೀಳುತ್ತಿತ್ತು. ಅವಳು ಸ್ಪೀಕರ್ ತಿರುಗಿದ್ದು ನೋಡಿ ತಲೆಯನ್ನು ಒಂದಿಷ್ಟು ಓರೆ ಮಾಡಿ ಕಾದಳು. ಸ್ಪೀಕರಿನಿಂದ ಸದ್ದು ಬಂತು. ದಡ್, ದಡ್. ಶೆಡ್ಡಿನ ತಗಡು ನಡುಗುವಷ್ಟು ಜೋರು. ಕೊಬ್ಬರಿಯ ಚೂರು ಹೆಕ್ಕುತ್ತಿದ್ದ ಒಂದು ಕೋಳಿ ಬೆಚ್ಚಿಬಿದ್ದು, ನನ್ನ ಬಲಪಾದ ತುಳಿದುಕೊಂಡು ಹೊರಗೆ ಓಡಿತು.

ಅಕ್ಕ ತಲೆ ಓರೆ ಮಾಡಿಕೊಂಡು ಕಾಯುತ್ತಲೇ ಇದ್ದಳು.

“ಹಾಕವ್ವ,” ಎಂದಳು. “ಯಾಕೆ ಸುಮ್ನೆ ಕೂತೆ?”

ಕಾವ್ಯ ತಲೆಯೆತ್ತದೆ, “ಹಾಕಿದ್ನಲ್ಲ, ಇನ್ನೊಂದ್ಸಲ ಹಾಕ್ತೀನಿ ತಾಳು” ಎಂದು ಮತ್ತೆ ಹಾಕಿದಳು. ದಡ್, ದಡ್.

“ಹಾಕ್ತೀಯೋ ಇಲ್ವೋ? ನಂಗೆ ಕೆಲ್ಸ ಐತೆ.”

ಈಗ ಕಾವ್ಯ ತಲೆಯೆತ್ತಿದಳು. ರಂಗಸ್ವಾಮಿ ಕೈಯಲ್ಲಿದ್ದ ಕೊಬ್ಬರಿಯನ್ನು ಕೆಳಗಿಟ್ಟು, ಅಕ್ಕನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಬಾಯಿ ಅಗಲವಾಗಿ ತೆರೆದು ಒಂದೊಂದೇ ಮಾತು ಬಿಡಿಸಿ ಹೇಳಿದ.

“ಅದು ಕೆಟ್ಟೈತೆ ಕಣ್ರಮ್ಮಾರೆ. ಅದ್ರಲ್ಲಿ ಏನೂ ಬರ್ತಿಲ್ಲ.”

“ಇಲ್ಲ ಮಾಮ, ಬಂತ...” ಎಂದು ಶುರುಮಾಡಿದ ಕಾವ್ಯ ಅಲ್ಲಿಗೇ ನಿಲ್ಲಿಸಿದಳು.

ರಂಗಸ್ವಾಮಿಗೆ ಮೊದಲೇ ಗೊತ್ತಿತ್ತು. ಅವನು ಎಷ್ಟೋ ದಿನದಿಂದ ಹೀಗೇ ಎದುರಿಗೆ ಕೂತು, ಬಾಯಿ ಬಿಡಿಸಿ ಮಾತಾಡುತ್ತಿದ್ದ. ನಾವೆಲ್ಲ ಅದನ್ನು ಅವನ ವಿನಯ ಎಂದುಕೊಂಡಿದ್ದೆವು.

ಅಕ್ಕ ರಂಗಸ್ವಾಮಿಯ ಮುಖ ನೋಡಿದಳು. ಕಾವ್ಯಳ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ನನ್ನ ಮುಖ ನೋಡಿದಳು. ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು.

“ಚಂದ್ರ, ಬಂತಾ?”

ಸುಳ್ಳು ಹೇಳಬಹುದಿತ್ತು. ರಂಗಸ್ವಾಮಿ ಹೇಳಿದ ಸುಳ್ಳು ಅಲ್ಲಿ ಬಿಸಿಬಿಸಿಯಾಗಿ ಇನ್ನೂ ಇತ್ತು, ನಾನು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ‘ಇಲ್ಲ’ ಎಂದಿದ್ದರೆ ಅವಳ ಮಣೆ ಅವಳದಾಗಿಯೇ ಉಳಿಯುತ್ತಿತ್ತು, ಕೊನೆಪಕ್ಷ ಆ ವರ್ಷಕ್ಕೆ. ‘ಹೌದು’ ಎಂದರೆ ನಾನೇ ಅವಳನ್ನು ರೆಸ್ಟ್ ಎಂದು ಜಗಲಿಗೆ ಕಳಿಸಿದ ಹಾಗೆ. ಆದರೆ ನೆಟ್ಟಗೆ ನೋಡು ಎಂದು ಹೇಳಿದವಳು ಅವಳೇ. ನನ್ನ ಬಾಯಿಂದ ಸದ್ದು ಹೊರಡಲಿಲ್ಲ. ತುಟಿ ಮಾತ್ರ ಆಡಿತು.

“ಬಂತು ಅಕ್ಕ.”

“ಎಷ್ಟು ಜೋರಾಗಿ?”

ಹೊರಗೆ ಅಂಗಳದಲ್ಲಿ ರೆಕ್ಕೆ ಕೊಡವಿಕೊಳ್ಳುತ್ತಿದ್ದ ಕೋಳಿಯ ಕಡೆ ಬೆರಳು ತೋರಿಸಿದೆ. ಅಕ್ಕ ಕತ್ತು ಚಾಚಿ ಕೋಳಿಯನ್ನು ನೋಡಿದಳು. ಆಮೇಲೆ ನಕ್ಕಳು. ನಾನು ಅವಳನ್ನು ಅರವತ್ತಾರು ವರ್ಷದಿಂದ ಬಲ್ಲೆ. ಅದು ನಿಜವಾದ ನಗು, ನಮ್ಮ ಸಮಾಧಾನಕ್ಕೆ ನಕ್ಕಿದ್ದಲ್ಲ.

“ಅಯ್ಯೋ, ಕೋಳೀಗೂ ಕೇಳ್ತಾ?”

ಆಮೇಲೆ ಅಕ್ಕ ಎಲ್ಲ ಹೇಳಿದಳು. ನಾಲ್ಕು ವರ್ಷವಾಗಿತ್ತಂತೆ. “ಮೊದ್ಲು ಹೋಗಿದ್ದು ಬಳೆ ಸದ್ದು. ಬಳೆ ಒಡ್ದೋಗಿದ್ಯೇನೋ ಅಂತ ಕೈ ನೋಡ್ಕೊಂಡೆ. ಆಮೇಲೆ ಕುಕ್ಕರ್ ಸೀಟಿ. ಆಮೇಲೆ ನೀವು.” ಯಾಕೆ ಹೇಳಲಿಲ್ಲ ಎಂದು ಕಾವ್ಯ ಎದುರಿಗೆ ಬಂದು ಕೇಳಿದಳು. “ಕಿವುಡಿ ಅಂದ್ರೆ ಎಲ್ರೂ ಕೂಗ್ತಾರೆ ಕಣೇ. ಕೂಗೋರ ಮುಖ ನೋಡಿದ್ದೀಯಾ? ಬೈದಂಗೇ ಇರ್ತದೆ. ದಿನಾ ಬೈಸ್ಕೊಂಡಂಗೆ ಯಾಕಿರ್ಬೇಕು?”

ಆ ನಾಲ್ಕು ವರ್ಷವೂ ನಾನು ಪ್ರತಿ ಭಾನುವಾರ ಒಂದೇ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ನಾನು ‘ಹಲೋ’ ಎನ್ನುವ ಮೊದಲೇ ಶುರುಮಾಡಿ, ಅರ್ಧ ಗಂಟೆ ಒಂದೇ ಸಮನೆ ಮಾತಾಡಿ, ‘ಆಯ್ತು, ಇಡ್ತೀನಿ’ ಎಂದು ಇಟ್ಟುಬಿಡುತ್ತಿದ್ದಳು. ನನಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ‘ಅಕ್ಕನಿಗೆ ನನ್ನ ಮೇಲೆ ಎಷ್ಟು ಪ್ರೀತಿ, ಮಾತೇ ಮುಗಿಯುವುದಿಲ್ಲ’ ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟಿದ್ದೇನೆ. ಪ್ರೀತಿ ಇದ್ದದ್ದು ನಿಜ. ಆದರೆ ನಾನು ಬಾಯಿ ತೆರೆದರೆ ಅವಳು ಸಿಕ್ಕಿಬೀಳುತ್ತಿದ್ದಳು. ಪಂಡಿತರ ಪರದೆಯ ಪರೀಕ್ಷೆಯನ್ನು ನನ್ನ ಅಕ್ಕ ಪ್ರತಿ ಭಾನುವಾರವೂ ಪಾಸು ಮಾಡುತ್ತಿದ್ದಳು. ಪರೀಕ್ಷಕನಾದ ನಾನು, ಹಿಂದೊಮ್ಮೆ ಮಾಡಿದ ಹಾಗೆಯೇ, ಪೂರ್ತಿ ಅಂಕ ಕೊಡುತ್ತಿದ್ದೆ.

ಅಂದು ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕುಸಿದುಹೋದವಳು ಕಾವ್ಯ. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳಿದಳು:

“ತಾತ, ಹಂಗಾದ್ರೆ ಇದು ಕೇಳೋದನ್ನ ಯಾರ ಹತ್ರ ಕಲ್ತಿದ್ದು?”

ನನ್ನ ಇಪ್ಪತ್ತೆಂಟು ವರ್ಷದ ವೃತ್ತಿಯಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ನೀವೂ ಒಂದು ಗಳಿಗೆ ನಿಂತು ನೋಡಿ. ಕಾವ್ಯ ಸದ್ದು ಹಿಡಿದುಕೊಂಡಳು. ಆ ಸದ್ದಿನ ಮುಂದೆ ಅಜ್ಜಿಯ ತೀರ್ಪು ಬರೆದಳು. ಯಂತ್ರ ಎರಡನ್ನೂ ಜೋಡಿಸಿ, ಇಂಥ ಸದ್ದು ಬಂದರೆ ಅಜ್ಜಿ ಹೀಗೆನ್ನುತ್ತಾಳೆ ಎಂದು ಕಲಿಯಿತು. ಅಜ್ಜಿಗೆ ಆ ಸದ್ದುಗಳಲ್ಲಿ ಒಂದೂ ಕೇಳಿರಲಿಲ್ಲ. ಅವಳು ಹೇಳಿದ್ದೆಲ್ಲ ಅಂಗೈಯಿಂದ. ಕಾಯಿ ಎತ್ತಿದಾಗಿನ ತೂಕದಿಂದ, ಅಲ್ಲಾಡಿಸಿದಾಗ ಒಳಗಿನ ಉಂಡೆ ಬಡಿದು ಬೆರಳಿಗೆ ಬರುವ ಗುದ್ದಿನಿಂದ. ಕಿವಿಗೆ ಹಿಡಿಯುತ್ತಿದ್ದದ್ದು ನಮಗಾಗಿ. ಕೇಳಿಸದವಳ ಹತ್ತಿರ ಆ ಪೆಟ್ಟಿಗೆ ಕೇಳುವುದನ್ನು ಕಲಿತಿತ್ತು, ಕಲಿತು ಒಂದು ಕಾಯಿಯಲ್ಲಿ ಗುರುವನ್ನೂ ಮೀರಿಸಿತ್ತು.

ಇನ್ನು ಒಳಗೆ ಅರ್ಥ ಇರಬೇಕು ಎನ್ನುವ ನನ್ನ ಪಂಗಡದ ಗತಿಯೇನು? ಅಕ್ಕನ ಒಳಗೆ ಕೇಳುವಿಕೆ ಇದೆ ಎಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಅಲ್ಲಿ ಅದು ಇರಲಿಲ್ಲ. ಹಾಗೆಂದು ಅವಳ ಒಳಗು ಖಾಲಿಯಾಗಿತ್ತೇ? ನಾನು ಊಹಿಸದ ಬೇರೇನೋ ಅಲ್ಲಿ ಕೂತು ಆ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡುತ್ತಿತ್ತು. ಒಡಹುಟ್ಟಿದವಳ ಒಳಗನ್ನೇ ಇಷ್ಟು ತಪ್ಪು ತಿಳಿದವನು ಪ್ಲೈವುಡ್ ಪೆಟ್ಟಿಗೆಯ ಒಳಗೆ ಏನಿದೆ, ಏನಿಲ್ಲ ಎಂದು ಯಾವ ಮುಖದಿಂದ ಹೇಳಲಿ? ಇದೆ ಎನ್ನುವ ಧೈರ್ಯ ಈಗಲೂ ಇಲ್ಲ. ಇಲ್ಲ ಎಂದು ಮೇಜು ಗುದ್ದಿ ಹೇಳುತ್ತಿದ್ದವನು ಮಾತ್ರ ಅಂದೇ ಕೈ ಕೆಳಗಿಟ್ಟೆ.

ಅಕ್ಕ ಕಾವ್ಯಳ ಮುಖ ನೋಡಿಯೇ ಅವಳ ಪ್ರಶ್ನೆಯ ಭಾರವನ್ನು ತಿಳಿದಿರಬೇಕು. ಮಣೆಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡು, ಅದರ ನೆತ್ತಿಯ ಮೇಲೆ ಅಂಗೈ ಇಟ್ಟಳು. “ಒಂದು ಕಾಯಿ ಹಾಕಿ ಅಲ್ಲಾಡಿಸವ್ವ.” ಕಾವ್ಯ ಹಾಕಿದಳು. ಪೆಟ್ಟಿಗೆ ಎರಡು ಸಲ ಅಲ್ಲಾಡಿಸಿತು. ಅಕ್ಕ ಕಣ್ಣು ಮುಚ್ಚಿದಳು.

“ಆಗೈತೆ.”

ಹಸಿರು ದೀಪ ಬಂತು. ಕಾವ್ಯ ನಗುತ್ತ ಅತ್ತಳೋ, ಅಳುತ್ತ ನಕ್ಕಳೋ, ನಾನು ನಿಂತ ಜಾಗದಿಂದ ಸ್ಪಷ್ಟವಾಗಿ ಕಾಣಲಿಲ್ಲ. ಕಾಣದ್ದನ್ನು ಬರೆಯುವುದಿಲ್ಲ. ನಾನು ಅತ್ತೆ, ಅದು ಗೊತ್ತು. ಅಕ್ಕ ನನ್ನ ಕಡೆ ತಿರುಗಿದ್ದೂ ಗೊತ್ತು.

“ಯೋಚ್ನೆ ಮಾಡ್ಬ್ಯಾಡ ಕಣ್ಲಾ,” ಎಂದಳು.

ತರ್ಕಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಬುದ್ಧಿಮಾತು ಇನ್ನಾರು ಹೇಳಿಯಾರು?

ಆ ಮಧ್ಯಾಹ್ನ ಊಟಕ್ಕೆ ಮಲ್ಲೇಶ ಬಂದ. ಅಕ್ಕ ಮುದ್ದೆ ಬಡಿಸುತ್ತಲೇ ಹೇಳಿಬಿಟ್ಟಳು. “ನಂಗೆ ಕಿವಿ ಕೇಳಲ್ಲ ಕಣೋ. ನಾಕು ವರ್ಸ ಆಯ್ತು. ಕೂಗ್ಬ್ಯಾಡ, ಎದ್ರಿಗೆ ಬಂದು ಮಾತಾಡು.” ಮಲ್ಲೇಶನ ಕೈ ತಟ್ಟೆಯಲ್ಲೇ ನಿಂತಿತು. ಅವನು ಎದ್ದು, ಎಂಜಲು ಕೈಯಲ್ಲೇ ಅವಳ ಎದುರಿಗೆ ಬಂದು ನಿಂತು, “ಮತ್ತೆ ಅಟ್ಟ?” ಎಂದ.

“ಅಟ್ಟ ನಂದೇ. ಕಿವಿ ಹೋಯ್ತು, ಕೈ ಎಲ್ಲೋಯ್ತು?”

ಮಲ್ಲೇಶ ಆ ದಿನದಿಂದ ‘ರೆಸ್ಟ್’ ಎಂಬ ಮಾತು ಎತ್ತಿಲ್ಲ. ತುಮಕೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಹಾಕುವ ಮಿಷನ್ನು ಕೊಡಿಸಿದ. ಅಕ್ಕ ಅದನ್ನು ಮದುವೆಮನೆಗಳಿಗೆ ಹಾಕಿಕೊಂಡು ಹೋಗುತ್ತಾಳೆ, ಶೆಡ್ಡಿಗೆ ಬಂದರೆ ತೆಗೆದು ಗೋಡೆಗೂಡಿನಲ್ಲಿಡುತ್ತಾಳೆ. ಸದ್ದು ಬಂದರೆ ಕೈ ಸೋಮಾರಿಯಾಗುತ್ತದಂತೆ.

ಕಾವ್ಯ ಪೆಟ್ಟಿಗೆಯನ್ನು ಬಿಸಾಡಲಿಲ್ಲ. ಒಂದು ತಿಂಗಳು ಕೂತು ಅದಕ್ಕೆ ಮೂರನೆಯದೊಂದು ದೀಪ ಸೇರಿಸಿದಳು, ಹಳದಿ ಬಣ್ಣದ್ದು. ಕಾಯಿಯನ್ನು ಅಲ್ಲಾಡಿಸಿದ ಮೇಲೂ ಪೆಟ್ಟಿಗೆಗೆ ಖಾತ್ರಿಯಾಗದಿದ್ದರೆ ಹಳದಿ ದೀಪ ಹತ್ತಿ, ‘ಅಜ್ಜೀನ ಕೇಳಿ’ ಎಂದು ಬರುತ್ತದೆ. ಈ ಸಲ ಅಟ್ಟದ ಕಾಯಿ ಇಳಿಸುವಾಗ ನಾನು ಹೋಗಿದ್ದೆ. ರಾಶಿಗಟ್ಟಲೆ ಕಾಯಿಗೆ ಹಸಿರು, ಕೆಂಪು ಎಂದು ಒಂದೇ ಸಮನೆ ಹೇಳುತ್ತಿದ್ದ ಪೆಟ್ಟಿಗೆ ಒಂದು ಕಾಯಿಗೆ ತಡೆಯಿತು. ಹಳದಿ ದೀಪ ಎರಡು ಸಲ ಮಿಣುಕಿತು. ರಂಗಸ್ವಾಮಿ ಅದನ್ನೇ ನೋಡುತ್ತ ಹೇಳಿದ.

“ನೋಡಿ ಮೇಷ್ಟ್ರೆ, ಇದ್ಕೂ ಈಗ ಯೋಚ್ನೆ ಸುರುವಾಯ್ತು.”

ನಾನು ವಾದ ಮಾಡಲಿಲ್ಲ. ತನಗೆ ಗೊತ್ತಿಲ್ಲ ಎಂದು ತಿಳಿದು, ಗೊತ್ತಿರುವವರ ಕಡೆ ತಿರುಗುವುದಕ್ಕೆ ನನಗೆ ಅರವತ್ತಾರು ವರ್ಷ ಬೇಕಾಯಿತು. ಪೆಟ್ಟಿಗೆಗೆ ಒಂದು ತಿಂಗಳು ಸಾಕಾಯಿತು. ಅದರ ಒಳಗೆ ಚಿಂತೆ ಇದೆಯೋ, ಕಾವ್ಯಳ ಚಿಂತೆಯನ್ನೇ ಅದು ಹೊತ್ತುಕೊಂಡಿದೆಯೋ ನಾನರಿಯೆ. ಆ ಕಾಯಿಯನ್ನು ಎತ್ತಿ ಅಕ್ಕನ ಕೈಗೆ ಕೊಟ್ಟೆ.

ಅಂದು ಹತ್ತು ಇಪ್ಪತ್ತಕ್ಕೆ ನಡೆದದ್ದನ್ನು ನಾನೊಬ್ಬನೇ ನೋಡಿದ್ದಲ್ಲ. ಅನುಮಾನವಿದ್ದವರು ಉಳಿದವರನ್ನು ಕೇಳಬಹುದು. ರಂಗಸ್ವಾಮಿ ಇದ್ದಾನೆ, ಮಗಳ ಮದುವೆಯ ಓಡಾಟದಲ್ಲಿದ್ದಾನೆ. ಕಾವ್ಯ ಇದ್ದಾಳೆ, ಎದುರಿಗೆ ಬರದೆ ಈಗ ಯಾರ ಹತ್ತಿರವೂ ಮಾತು ಶುರುಮಾಡುವುದಿಲ್ಲ. ಮೈಕು ಹಾಕಿಕೊಂಡು ಪೆಟ್ಟಿಗೆಯೂ ಅಲ್ಲೇ ಇತ್ತು. ಅದನ್ನು ಸಾಕ್ಷಿಗಳ ಪಟ್ಟಿಯಲ್ಲಿ ಸೇರಿಸಬೇಕೋ ಬೇಡವೋ ಎಂಬುದನ್ನು ನನಗಿಂತ ಚಿಕ್ಕವರು ತೀರ್ಮಾನಿಸಲಿ. ಇನ್ನುಳಿದವಳು ನನ್ನ ಅಕ್ಕ ಶಿವನಂಜಮ್ಮ. ನಾನು ಅವಳನ್ನು ನೋಡಿದ್ದಕ್ಕಿಂತ ಹೆಚ್ಚು ನೆಟ್ಟಗೆ ಅಂದು ಅವಳು ನಮ್ಮ ಮೂವರನ್ನೂ ನೋಡಿದ್ದಾಳೆ. ಈ ಬರಹವನ್ನು ಎದುರು ಕೂತು, ತುಟಿ ಕಾಣುವಂತೆ, ಪೂರ್ತಿ ಓದಿ ಹೇಳಿದೆ. ಒಂದು ಕಡೆ ಮಾತ್ರ ತಿದ್ದಿಸಿದಳು. ಅವಳಿಗೆ ಏನೂ ಕೇಳುವುದಿಲ್ಲ ಎಂದು ಬರೆದಿದ್ದೆ. ಗುಡುಗು ಕೇಳುತ್ತದಂತೆ. ಅವಳಿಗೀಗ ಎಪ್ಪತ್ತೈದು, ಗಟ್ಟಿಮುಟ್ಟಾಗಿ ಇದ್ದಾಳೆ.